ಕಾಣದ್ದನ್ನು ಕಾಣಿಸುವ ಕಾರಕಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ನಮ್ಮ ಸೀಮೆಯವರು ಅದರ ಜೊತೆಗೆ ಇನ್ನೊಂದು ಮಾತನ್ನು ಸೇರಿಸಿಕೊಳ್ಳಬೇಕು: ತಿಳಿಯಾಗಿರುವುದೆಲ್ಲ ಕುಡಿಯುವ ನೀರಲ್ಲ.

ಮೇಜಿನ ಮೇಲೆ ನಾಲ್ಕು ಲೋಟ ನೀರಿದೆ ಎಂದು ಎಣಿಸಿರಿ. ಒಂದು ಕೆರೆಯ ಪಕ್ಕದ ತೆರೆದ ಬಾವಿಯದು, ಒಂದು ಹೊಲದ ಬೋರಿನದು, ಒಂದು ಊರ ನಲ್ಲಿಯದು, ಇನ್ನೊಂದು ಮಳೆಯಲ್ಲಿ ಹಿಡಿದದ್ದು. ನಾಲ್ಕೂ ಗಾಜಿನಂತೆ ತಿಳಿಯಾಗಿವೆ. ಇವುಗಳಲ್ಲಿ ಯಾವ ನೀರು ಮಗುವಿನ ಹಲ್ಲಿಗೆ ಕರೆ ಕಟ್ಟಿಸುತ್ತದೆ, ಯಾವುದು ಕಟ್ಟಿಸುವುದಿಲ್ಲ? ಕಣ್ಣು ಹೇಳಲಾರದು, ಮೂಗು ಹೇಳಲಾರದು, ನಾಲಗೆಯೂ ಹೇಳಲಾರದು. ಇಂಥ ಕಡೆ ನಮ್ಮ ಇಂದ್ರಿಯಗಳ ಪರವಾಗಿ ಸಾಕ್ಷಿ ನುಡಿಯುವ ವಸ್ತುಗಳಿವೆ. ಅವನ್ನು ರಾಸಾಯನಿಕ ಕಾರಕಗಳು ಎನ್ನುತ್ತಾರೆ. ಒಂದು ಪರೀಕ್ಷೆಗೆ ಬೇಕಾದ ಕಾರಕ, ನಳಿಕೆ, ಬಣ್ಣದ ಪಟ್ಟಿ, ಸೂಚನೆಯ ಚೀಟಿ ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿಟ್ಟರೆ ಅದೇ ಪರೀಕ್ಷಾ ಕಿಟ್.

ಕನ್ನಡ ಪಾಠ ಹೇಳುವವರಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಈ ಲೇಖನದ ನಡುವೆ ಬರುತ್ತದೆ. ಆ ಉತ್ತರದಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಇದೆ.

ಕಾರಕ ಎಂದರೇನು?

ವ್ಯಾಕರಣದಲ್ಲಿ ನೀವು ಕಾರಕಗಳನ್ನು ಕಲಿತಿದ್ದೀರಿ. ಕ್ರಿಯೆ ನಡೆಯುವುದಕ್ಕೆ ನಿಮಿತ್ತವಾದದ್ದು ಕಾರಕ. ಕರ್ತೃ, ಕರ್ಮ, ಕರಣ ಮೊದಲಾಗಿ ಅವು ಆರು. ರಸಾಯನಶಾಸ್ತ್ರದವರೂ ಅದೇ ಶಬ್ದವನ್ನು ತೆಗೆದುಕೊಂಡಿದ್ದಾರೆ. ಒಂದು ವಸ್ತುವಿನ ಜೊತೆ ಸೇರಿ ರಾಸಾಯನಿಕ ಕ್ರಿಯೆಯನ್ನು ನಡೆಸುವಂಥದ್ದು ಅವರಿಗೆ ಕಾರಕ. ಆ ಕ್ರಿಯೆಯಿಂದ ಬಣ್ಣ ಬದಲಾದರೆ, ಗಸಿ ಕಟ್ಟಿದರೆ, ಗುಳ್ಳೆ ಎದ್ದರೆ, ಕಾಣದಿದ್ದ ವಸ್ತು ಅಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ. ಬಣ್ಣದ ಮೂಲಕ ಸೂಚನೆ ಕೊಡುವುದನ್ನು ಸೂಚಕ ಎಂದೂ ಕರೆಯುತ್ತಾರೆ.

ಇದಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಆರತಿಯ ತಟ್ಟೆಯನ್ನು ನೆನೆಯಿರಿ. ನೀರಿಗೆ ಅರಿಸಿನ ಕದಡಿ ಚಿಟಿಕೆ ಸುಣ್ಣ ಹಾಕಿದೊಡನೆ ನೀರು ಕೆಂಪಾಗುತ್ತದೆ. ಸುಣ್ಣ ಪ್ರತ್ಯಾಮ್ಲ, ಅರಿಸಿನ ಅದನ್ನು ಗುರುತಿಸಿ ಬಣ್ಣ ಬದಲಿಸುತ್ತದೆ. ಅಂಗಿಯ ಮೇಲೆ ಬಿದ್ದ ಸಾರಿನ ಹಳದಿ ಕಲೆಗೆ ಸಾಬೂನು ತಾಗಿದಾಗ ಕೆಂಪಾಗುವುದೂ ಇದೇ ಕಾರಣದಿಂದ. ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ನಮ್ಮ ಅಜ್ಜಿಯರು ಸೂಚಕ ಎಂಬ ಹೆಸರನ್ನು ಕೇಳಿರಲಿಲ್ಲ, ಕೈಯಲ್ಲಿ ಬಳಸುತ್ತಿದ್ದರು.

ಇನ್ನೊಂದು ಪರೀಕ್ಷೆ. ಅನ್ನದ ಅಗುಳಿನ ಮೇಲೆ ಟಿಂಕ್ಚರ್ ಅಯೋಡಿನ್ನಿನ ಒಂದು ತೊಟ್ಟು ಹಾಕಿರಿ. ಅಗುಳು ಕಡುನೀಲಿಯಾಗುತ್ತದೆ. ಪಿಷ್ಟವಿರುವ ಕಡೆ ಅಯೋಡಿನ್ ಹೀಗೆ ಬಣ್ಣ ಕೊಡುತ್ತದೆ. ಹಾಲಿಗೆ ಹಿಟ್ಟು ಬೆರೆಸಿದ್ದಾರೆಯೇ ಎಂದು ತಿಳಿಯಲು ಹಾಲನ್ನು ಸ್ವಲ್ಪ ನೀರು ಸೇರಿಸಿ ಕುದಿಸಿ, ಪೂರ್ತಿ ಆರಿಸಿ, ಎರಡು ಮೂರು ತೊಟ್ಟು ಅಯೋಡಿನ್ ಹಾಕಿ ನೋಡುವ ಕ್ರಮವಿದೆ. ನೀಲಿಯಾದರೆ ಹಿಟ್ಟು ಇದೆ.

ನೀಲಿಯಾಗದಿದ್ದರೆ? ಹಾಲು ಶುದ್ಧ ಎಂದು ಹೇಳಬಹುದೇ? ಹೇಳಲಾಗದು. ಅದರಲ್ಲಿ ನೀರು ಬೆರೆತಿರಬಹುದು, ಯೂರಿಯಾ ಬೆರೆತಿರಬಹುದು. ಅಯೋಡಿನ್ನಿಗೆ ಅವುಗಳ ಗೊಡವೆಯಿಲ್ಲ. ನಾವು ಅದನ್ನು ಕೇಳಿದ್ದು ಪಿಷ್ಟದ ವಿಷಯ, ಅದು ಹೇಳಿದ್ದೂ ಪಿಷ್ಟದ ವಿಷಯ. ಕಾರಕವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಓದಿರಿ.

ಮೂವತ್ತು ವರ್ಷಗಳ ಹುಡುಕಾಟ

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಆ ಊರಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಎಷ್ಟು ಉಜ್ಜಿದರೂ ಹೋಗದ ಕಲೆ. ಕಾರಣವೇನೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮೆಕೇಯವರಿಗೆ ನೀರಿನ ಮೇಲೆ ಅನುಮಾನ. ಆದರೆ ಅನುಮಾನ ಪ್ರಮಾಣವಾಗುವುದಿಲ್ಲ.

1923ರಲ್ಲಿ ಅವರು ಐಡಹೊ ಪ್ರಾಂತದ ಓಕ್ಲಿ ಎಂಬ ಸಣ್ಣ ಊರಿಗೆ ಹೋದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿಸಿಕೊಂಡ ಮೇಲೆ ಮಕ್ಕಳ ಹಲ್ಲು ಕೆಟ್ಟಿತೆಂದು ಅಲ್ಲಿಯ ತಾಯಂದಿರು ಹೇಳಿದರು. ಮೆಕೇಯವರು ಆ ನೀರನ್ನು ಪರೀಕ್ಷಿಸಿದರು. ಅನುಮಾನಪಡುವಂಥದ್ದು ಏನೂ ಸಿಗಲಿಲ್ಲ. ಆದರೂ ಆ ಕೊಳವೆಯನ್ನು ಬಿಟ್ಟು ಬೇರೆ ಬುಗ್ಗೆಯ ನೀರು ತರಿಸಿಕೊಳ್ಳಿರಿ ಎಂದರು. ಊರವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಸದಾಗಿ ಹುಟ್ಟಿದ ಹಲ್ಲುಗಳು ಕಲೆಯಿಲ್ಲದೆ ಬಂದವು.

ತಪ್ಪು ನೀರಿನದೇ ಎಂದಾಯಿತು. ನೀರಿನಲ್ಲಿ ಏನಿದೆ? ಆ ಪ್ರಶ್ನೆಗೆ ಉತ್ತರ ಬಂದದ್ದು 1931ರಲ್ಲಿ, ಆರ್ಕನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಊರಿನ ನೀರಿನಿಂದ. ಅದು ಅಲ್ಯೂಮಿನಿಯಂ ಅದಿರಿನ ಊರು. ಅಲ್ಲಿಯ ಕಂಪನಿಯ ಮುಖ್ಯ ರಸಾಯನಜ್ಞರಾದ ಹೆಚ್. ವಿ. ಚರ್ಚಿಲ್ ಅವರು ರೋಹಿತದರ್ಶಕದಿಂದ ಆ ನೀರನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ 13.7 ಭಾಗದಷ್ಟು ಫ್ಲೋರೈಡ್ ಕಂಡಿತು. ಅವರಿಗೇ ನಂಬಿಕೆ ಬಾರದೆ ಹೊಸ ನೀರು ತರಿಸಿ ಮತ್ತೊಮ್ಮೆ ನೋಡಿಸಿದರು. ಉತ್ತರ ಬದಲಾಗಲಿಲ್ಲ. ಆಮೇಲೆ ಮೆಕೇಯವರು ಕಳಿಸಿದ ಬೇರೆ ಊರುಗಳ ನೀರಿನಲ್ಲಿಯೂ ಫ್ಲೋರೈಡ್ ಹೆಚ್ಚಾಗಿ ಇತ್ತು.

ನೀರನ್ನು ಹಿಂದೆಯೂ ಪರೀಕ್ಷಿಸಿದ್ದರಲ್ಲ, ಆಗ ಏಕೆ ಸಿಗಲಿಲ್ಲ? ಫ್ಲೋರೈಡ್ ಇದೆಯೇ ಎಂದು ಆಗ ಯಾರೂ ಕೇಳಿರಲಿಲ್ಲ, ಅಷ್ಟೆ.

ನಮ್ಮ ಸೀಮೆಯ ನೀರು

ಈ ಕಥೆ ನಮಗೆ ದೂರದ್ದಲ್ಲ. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಇದೇ ರೋಗವಿರುವುದನ್ನು ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ಮೂವರು ಪ್ರಕಟಿಸಿದರು. ಅಲ್ಲಿ ಹಲ್ಲಿನ ಕಲೆಯಷ್ಟೇ ಅಲ್ಲ, ಬೆನ್ನು ಬಗ್ಗಿಸಲಾಗದಂತೆ ಮೂಳೆ ಬಿಗಿದವರೂ ಇದ್ದರು. ನಮ್ಮ ಅನಂತಪುರ ಸೀಮೆಯೂ ಫ್ಲೋರೈಡ್ ಇರುವ ಸೀಮೆಯೇ. ಕೆಳಗಿರುವ ಗಟ್ಟಿಕಲ್ಲಿನಲ್ಲಿರುವ ಫ್ಲೋರೈಡ್ ನೀರಿನಲ್ಲಿ ಮೆಲ್ಲಗೆ ಕರಗುತ್ತದೆ. ಮಳೆ ಕಡಿಮೆ, ಕೆರೆ ಬತ್ತಿದಂತೆ ಬೋರನ್ನು ಆಳಕ್ಕೆ ಇಳಿಸುತ್ತೇವೆ, ಕಲ್ಲಿನ ನಡುವೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ತೆಲುಗಿನವರು ಗಾರ ಪಳ್ಳು ಎನ್ನುವ ಕರೆಗಟ್ಟಿದ ಹಲ್ಲು ಮಡಕಶಿರಾ, ರಾಯದುರ್ಗದ ಕಡೆಯವರಿಗೆ ಹೊಸದಲ್ಲ.

ಇಲ್ಲಿ ಪ್ರಮಾಣದ ಮಾತು ಮುಖ್ಯ. ಫ್ಲೋರೈಡ್ ಅಲ್ಪವಾಗಿದ್ದರೆ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಹೆಚ್ಚಾದರೆ ಅದೇ ಹಲ್ಲನ್ನು ಕೆಡಿಸುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಒಪ್ಪಬಹುದು. ಲೀಟರಿಗೆ 1 ಮಿಲಿಗ್ರಾಂ ಎಂದರೆ ಎಷ್ಟು? 200 ಲೀಟರಿನ ಡ್ರಮ್ಮು ತುಂಬ ನೀರಿನಲ್ಲಿ ಒಂದು ಗ್ರಾಮಿನ ಐದನೆಯ ಒಂದು ಪಾಲು. ಇಷ್ಟನ್ನು ಯಾವ ನಾಲಗೆ ಗುರುತಿಸೀತು?

ಪೋಷಕರು ತಿಳಿಯಬೇಕಾದ ಇನ್ನೊಂದು ಸಂಗತಿ: ಕಲೆ ಕಟ್ಟುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದ ಒಳಗೆ. ನಮ್ಮ ಶಾಲೆಗೆ ಬರುವ ಮಕ್ಕಳ ಹಲ್ಲಿನ ವಿಷಯ ಆಗಲೇ ತೀರ್ಮಾನವಾಗಿರುತ್ತದೆ. ಮನೆಯಲ್ಲಿರುವ ಅವರ ತಮ್ಮ ತಂಗಿಯರ ವಿಷಯ ತೀರ್ಮಾನವಾಗಿರುವುದಿಲ್ಲ. ದೊಡ್ಡವರಿಗೆ ಹಲ್ಲಿನ ಭಯವಿಲ್ಲದಿದ್ದರೂ, ಹೆಚ್ಚು ಫ್ಲೋರೈಡಿನ ನೀರನ್ನು ಬಹಳ ವರ್ಷ ಕುಡಿದರೆ ಮೂಳೆಗೆ ಕೇಡು.

ಪೆಟ್ಟಿಗೆಯೊಳಗೆ ಏನಿರುತ್ತದೆ?

ಫ್ಲೋರೈಡ್ ಪತ್ತೆಯ ಕಿಟ್‌ಗಳಲ್ಲಿ ಹಲವು ಬಗೆ. ಹಳೆಯ ಬಗೆಯೊಂದರಲ್ಲಿ ಜಿರ್ಕೋನಿಯಂ ಎಂಬ ಲೋಹದ ಲವಣವೂ ಅಲಿಜರಿನ್ ಎಂಬ ಬಣ್ಣವೂ ಆಮ್ಲದಲ್ಲಿ ಬೆರೆತಿರುತ್ತವೆ. ಅಲಿಜರಿನ್ ಎಂಬುದು ಹಿಂದೆ ಬಟ್ಟೆಗೆ ಕೆಂಪು ಹಾಕಲು ನಮ್ಮ ಮಂಜಿಷ್ಠದ ಕುಲದ ಗಿಡದ ಬೇರಿನಿಂದ ತೆಗೆಯುತ್ತಿದ್ದ ಬಣ್ಣ. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ ಎಂಬವರು ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು.

ಜಿರ್ಕೋನಿಯಂ ಮತ್ತು ಅಲಿಜರಿನ್ ಕೈ ಹಿಡಿದುಕೊಂಡಿರುವ ತನಕ ದ್ರಾವಣ ನಸುಗೆಂಪು. ಫ್ಲೋರೈಡ್ ಇರುವ ನೀರು ಬಿದ್ದೊಡನೆ ಜಿರ್ಕೋನಿಯಂ ಅಲಿಜರಿನ್ನಿನ ಕೈ ಬಿಟ್ಟು ಫ್ಲೋರೈಡಿನ ಕೈ ಹಿಡಿಯುತ್ತದೆ, ಏಕೆಂದರೆ ಅವೆರಡರ ಸೆಳೆತ ಹೆಚ್ಚು. ಒಂಟಿಯಾಗಿ ಉಳಿದ ಅಲಿಜರಿನ್ ಆಮ್ಲದಲ್ಲಿ ಹಳದಿಯಾಗಿ ಕಾಣುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಕಡಿಮೆಯಾಗಿ ಹಳದಿ ಹೆಚ್ಚುತ್ತದೆ. ಈ ಬಣ್ಣವನ್ನು ಕಿಟ್ಟಿನ ಪಟ್ಟಿಯೊಡನೆ ಹೋಲಿಸಿ ಪ್ರಮಾಣವನ್ನು ಅಂದಾಜು ಮಾಡುತ್ತಾರೆ.

ಮಾಡುವ ಕ್ರಮ ಹೀಗೆ. ಬೋರಿನ ನೀರಾದರೆ ಮೊದಲು ಕೆಲವು ನಿಮಿಷ ಹರಿಯಬಿಡಬೇಕು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಿಸಿ, ಊರು, ಜಾಗ, ತಾರೀಖು ಬರೆದ ಚೀಟಿ ಅಂಟಿಸಬೇಕು. ನಳಿಕೆಯ ಗೆರೆಯ ತನಕ ನೀರು ಹಾಕಿ, ಚೀಟಿಯಲ್ಲಿ ಹೇಳಿದಷ್ಟೇ ತೊಟ್ಟು ಕಾರಕ ಸೇರಿಸಿ, ಹೇಳಿದಷ್ಟೇ ಹೊತ್ತು ಕಾಯಬೇಕು. ಹಗಲು ಬೆಳಕಿನಲ್ಲಿ ಹಿಂದೆ ಬಿಳಿ ಕಾಗದ ಹಿಡಿದು ಬಣ್ಣ ನೋಡಬೇಕು. ಕಾರಕದಲ್ಲಿ ಆಮ್ಲವಿರುವುದರಿಂದ ಕೈಗೆ, ಕಣ್ಣಿಗೆ ತಾಗಿಸಬಾರದು. ಮೂಸಬಾರದು, ರುಚಿ ನೋಡಬಾರದು. ಗುರುಗಳು ಜೊತೆಯಲ್ಲಿಲ್ಲದೆ ಪೆಟ್ಟಿಗೆ ತೆರೆಯಬಾರದು.

ನಮ್ಮಿಂದಾದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ಇಂಥ ಒಂದು ಕಿಟ್ ಬಂದಿತ್ತು. ಎರಡು ಬೇಸಿಗೆ ಅದು ಬೀರುವಿನಲ್ಲೇ ಕಳೆದಿತ್ತು. ಅದರ ಸೂಚನೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಮಕ್ಕಳೇ ಓದಿ ಮಾಡುವಂತಾಗಲಿ ಎಂದು ವಿಜ್ಞಾನದ ಉಪಾಧ್ಯಾಯರು ಅದನ್ನು ಕನ್ನಡಕ್ಕೆ ಮಾಡಿಕೊಡಲು ನಮ್ಮನ್ನು ಕೇಳಿದರು. ಸಂತೋಷದಿಂದ ಮಾಡಿಕೊಟ್ಟೆವು. ಭಾಷೆ ಸರಳವಾಗಿರಲಿ, ಒಂದೇ ಹಾಳೆಯಲ್ಲಿ ಮುಗಿಯಲಿ ಎಂದು ಕೊನೆಯ ಒಂದು ಸಾಲನ್ನು ಬಿಟ್ಟೆವು. ಪೆಟ್ಟಿಗೆಯಲ್ಲಿರುವ ಸಣ್ಣ ಶೀಶೆಯ ದ್ರಾವಣವನ್ನು ಮೊದಲು ಪರೀಕ್ಷಿಸಿ ಬಣ್ಣ ಸರಿಯಾಗಿ ಬರುವುದೇ ನೋಡಿರಿ ಎಂಬುದು ಆ ಸಾಲಿನ ತಾತ್ಪರ್ಯ. ಅದು ನಮಗೆ ಅಷ್ಟು ಮುಖ್ಯವೆಂದು ತೋರಲಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳು ಒಂಬತ್ತು ಕಡೆಯ ನೀರು ತಂದರು. ಒಂಬತ್ತೂ ನಸುಗೆಂಪಾಗಿಯೇ ಉಳಿದವು. ಫ್ಲೋರೈಡ್ ಇಲ್ಲ ಎಂದು ಸಂಭ್ರಮದಿಂದ ಹಾಳೆಯ ಮೇಲೆ ಬರೆದು ಶಾಲೆಯ ಗೋಡೆಗೆ ಅಂಟಿಸಿದೆವು. ದೂರದ ಬಾವಿಯಿಂದ ಕುಡಿಯುವ ನೀರು ಹೊತ್ತು ತರುತ್ತಿದ್ದ ಒಂದು ಮನೆಯವರು ಅದನ್ನು ಕೇಳಿ, ಇನ್ನೇಕೆ ಹೊರುವುದೆಂದು ತಮ್ಮ ಬೋರಿನ ನೀರನ್ನೇ ಕುಡಿಯತೊಡಗಿದರು. ಆ ಮನೆಯಲ್ಲಿ ಮೂರು ವರ್ಷದ ಮಗುವಿತ್ತು.

ಐದು ವಾರದ ಮೇಲೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಒಂಬತ್ತು ಬಾವಿಗೂ ಒಂದೇ ಬಣ್ಣ ಹೇಗೆ ಬರುತ್ತೆ? ನಮ್ಮ ಬೀದಿಯವರ ಹಲ್ಲು ನೋಡಿದರೆ ಹಾಗೆ ಅನ್ನಿಸೋದಿಲ್ಲ" ಎಂದಳು. ಆಗ ನಮಗೆ ಬಿಟ್ಟ ಸಾಲು ನೆನಪಾಯಿತು. ವಿಜ್ಞಾನದ ಉಪಾಧ್ಯಾಯರೊಡನೆ ಪೆಟ್ಟಿಗೆ ತೆರೆದೆವು. ಫ್ಲೋರೈಡ್ ಇದೆಯೆಂದು ಚೀಟಿಯೇ ಹೇಳುವ ಆ ಶೀಶೆಯ ದ್ರಾವಣಕ್ಕೆ ಕಾರಕ ಹಾಕಿದರೆ ಅದೂ ನಸುಗೆಂಪಾಗಿಯೇ ಉಳಿಯಿತು. ಕಾರಕ ಕೆಟ್ಟಿತ್ತು. ತಿರುಗಿಸಿ ನೋಡಿದರೆ ಬಾಟಲಿಯ ಅವಧಿಯೂ ಮುಗಿದಿತ್ತು. ನೀರನ್ನು ಸರ್ಕಾರಿ ಪ್ರಯೋಗಶಾಲೆಗೆ ಕಳಿಸಿದೆವು. ಆ ಮನೆಯ ಬೋರಿನ ಫ್ಲೋರೈಡ್ ಮಿತಿಗಿಂತ ಹೆಚ್ಚಾಗಿಯೇ ಇತ್ತು.

ಹಾಳೆಯನ್ನು ಗೋಡೆಯಿಂದ ಕಿತ್ತು, ಆ ಮನೆಗೆ ನಾವೇ ಹೋದೆವು. ಮಗುವಿನ ತಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದರು. "ಓದಿದವರು ಹೇಳಿದ್ರಿ ಅಂತ ಕುಡಿಸಿದೆ ಮೇಷ್ಟ್ರೇ" ಎಂದರು. ಬೇರೆ ಏನೂ ಅನ್ನಲಿಲ್ಲ. ಬಿಂದಿಗೆ ತೆಗೆದುಕೊಂಡು ದೂರದ ಬಾವಿಗೆ ಹೊರಟರು. ಐದು ವಾರಕ್ಕೆ ಏನೂ ಆಗುವುದಿಲ್ಲ ಎಂದು ನಮಗೆ ಸಮಾಧಾನ ಹೇಳಿದವರಿದ್ದಾರೆ. ಇರಬಹುದು. ಆ ಹುಡುಗಿ ಕೇಳದೆ ಇದ್ದಿದ್ದರೆ ಅದು ಐದು ವರ್ಷವಾಗುತ್ತಿತ್ತು ಎಂಬುದು ನಮಗೆ ಗೊತ್ತು.

ಕನ್ನಡದವರಿಗೆ ಈ ವಿಷಯವೇಕೆ ಎಂಬುದಕ್ಕೆ ಇದೇ ಉತ್ತರ.

ಹೋಲಿಕೆಯಿಲ್ಲದೆ ಪರೀಕ್ಷೆಯಿಲ್ಲ

ಆ ಸಣ್ಣ ಶೀಶೆಯ ಕೆಲಸವೇನೆಂದು ಈಗ ನಿಮಗೆ ತಿಳಿದಿರಬೇಕು. ಅದು ಸಾಕ್ಷಿಯನ್ನೇ ಪರೀಕ್ಷಿಸುವ ಸಾಕ್ಷಿ. ಒಳ್ಳೆಯ ಪರೀಕ್ಷೆಗೆ ಇಂಥವು ಎರಡು ಬೇಕು. ವಸ್ತು ಖಂಡಿತ ಇರುವ ದ್ರಾವಣ ಒಂದು. ಅದರಲ್ಲಿ ಬಣ್ಣ ಬದಲಾಗಬೇಕು. ವಸ್ತು ಖಂಡಿತ ಇಲ್ಲದ ಶುದ್ಧ ಬಟ್ಟಿನೀರು ಇನ್ನೊಂದು. ಅದರಲ್ಲಿ ಬಣ್ಣ ಬದಲಾಗಬಾರದು. ಇವೆರಡೂ ಸರಿಯಾಗಿ ನುಡಿದ ಮೇಲೆಯೇ ಮೂರನೆಯ ನಳಿಕೆಯ ಮಾತನ್ನು ನಂಬಬೇಕು.

ಪೋಷಕರಿಗೆ ಕೊರೋನಾ ಕಾಲದ ರ‍್ಯಾಪಿಡ್ ಪರೀಕ್ಷೆ ನೆನಪಿರಬಹುದು. 2020 ಮತ್ತು 2021ರಲ್ಲಿ ಎಷ್ಟೋ ಜನ ಮೂಗಿನ ದ್ರವ ಕೊಟ್ಟು ಆ ಬಿಳಿ ಪಟ್ಟಿಯನ್ನೇ ನೋಡುತ್ತ ಕುಳಿತಿದ್ದರು. ಅದರಲ್ಲಿ ಸಿ ಅಕ್ಷರದ ಎದುರಿನ ಗೆರೆ ಮೂಡದಿದ್ದರೆ ಆ ಪರೀಕ್ಷೆಯೇ ಅಸಿಂಧು. ಆ ಗೆರೆಗೆ ರೋಗದ ವಿಷಯ ತಿಳಿಯದು; ಪಟ್ಟಿ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನಾವು ಬಿಟ್ಟ ಸಾಲಿನ ಕೆಲಸವೂ ಅದೇ ಆಗಿತ್ತು.

ಚೀಟಿಯನ್ನು ಪೂರ್ತಿ ಓದಿರಿ

ದೊಡ್ಡ ಪ್ರಯೋಗಶಾಲೆಗಳಲ್ಲಿ ಇಂದು ನಾನಾ ಬಗೆಯ ಕಿಟ್‌ಗಳಿವೆ. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಂಬವರು ಎಲೈಸಾ ಎಂಬ ವಿಧಾನವನ್ನು ಪ್ರಕಟಿಸಿದರು. ದೇಹವು ರೋಗದ ವಿರುದ್ಧ ತಯಾರಿಸುವ ಪ್ರತಿಕಾಯಗಳು ತಮಗೆ ಹೊಂದುವ ವಸ್ತುವನ್ನು ಮಾತ್ರ ಹಿಡಿಯುತ್ತವೆ. ಅವಕ್ಕೆ ಒಂದು ಕಿಣ್ವವನ್ನು ಕಟ್ಟಿಬಿಟ್ಟರೆ, ಆ ಕಿಣ್ವ ಬಣ್ಣ ಹುಟ್ಟಿಸಿ ವಸ್ತು ಸಿಕ್ಕಿದೆ ಎಂದು ತಿಳಿಸುತ್ತದೆ. ಅರಿಸಿನ ಸುಣ್ಣಕ್ಕಿಂತ ಎಷ್ಟೋ ಸೂಕ್ಷ್ಮವಾದ ಕೆಲಸ. ಆದರೆ ಕೊನೆಗೆ ಕಣ್ಣಿಗೆ ಕಾಣುವುದು ಬಣ್ಣವೇ.

ಇಂಥ ಕೆಲವು ಪೆಟ್ಟಿಗೆಗಳ ಮೇಲೆ ಸಂಶೋಧನೆಯ ಉಪಯೋಗಕ್ಕೆ ಮಾತ್ರ ಎಂದು ಅಚ್ಚಾಗಿರುತ್ತದೆ. ರೋಗಿಗೆ ರೋಗವಿದೆ, ಇಲ್ಲ ಎಂದು ತೀರ್ಪು ಕೊಡಲು ಅದನ್ನು ಬಳಸಬಾರದು ಎಂದು ಅದರ ಅರ್ಥ. ರಾಸಾಯನಿಕದ ಬಾಟಲಿಗಳಲ್ಲಿಯೂ ದರ್ಜೆಗಳಿವೆ. ವಿಶ್ಲೇಷಣೆಯ ದರ್ಜೆಯ ಬಾಟಲಿಯ ಮೇಲೆ ಅದರಲ್ಲಿ ಯಾವ ಕಲ್ಮಶ ಹೆಚ್ಚೆಂದರೆ ಎಷ್ಟಿರಬಹುದು ಎಂಬ ಪಟ್ಟಿಯೇ ಇರುತ್ತದೆ. ಶುದ್ಧಾಶುದ್ಧವನ್ನು ಹೇಳಬೇಕಾದ ಕಾರಕವೇ ಅಶುದ್ಧವಾದರೆ ಅದರ ಮಾತಿಗೆ ಬೆಲೆಯೇನು? ಆದ್ದರಿಂದ ಹೆಸರು, ದರ್ಜೆ, ಅವಧಿ, ಇಡಬೇಕಾದ ಜಾಗ, ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ಎಲ್ಲವನ್ನೂ ಓದಿಯೇ ಮುಚ್ಚಳ ತೆಗೆಯಬೇಕು.

ಶಾಲೆಯ ಕಿಟ್ ಕೊಡುವುದು ಅಂದಾಜು ಮಾತ್ರ ಎಂಬುದನ್ನೂ ಮರೆಯಬಾರದು. ನೀರಿನಲ್ಲಿ ಅಲ್ಯೂಮಿನಿಯಂ, ಸಲ್ಫೇಟ್ ಮೊದಲಾದವು ಹೆಚ್ಚಿದ್ದರೆ ಬಣ್ಣ ದಾರಿ ತಪ್ಪಿಸಬಹುದು. ಪ್ರಯೋಗಶಾಲೆಗಳಲ್ಲಿ ಫ್ಲೋರೈಡನ್ನು ಮಾತ್ರ ಗುರುತಿಸುವ ವಿದ್ಯುದಗ್ರವಿರುತ್ತದೆ. ಅದನ್ನು 1966ರಲ್ಲಿ ಕಂಡುಹಿಡಿದರು. ಕಿಟ್ಟಿನಲ್ಲಿ ಅನುಮಾನ ಬಂದ ನೀರನ್ನು ಅಂಥ ಕಡೆಗೆ ಕಳಿಸಿ ಖಚಿತ ಮಾಡಿಕೊಳ್ಳಬೇಕು.

ಪತ್ತೆಯಾದ ಮೇಲೆ

ಫ್ಲೋರೈಡ್ ಹೆಚ್ಚಿದೆ ಎಂದು ಗೊತ್ತಾದರೆ ಕುದಿಸಿ ಕುಡಿಯುವುದು ಪರಿಹಾರವಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯಲು ಮತ್ತು ಅಡುಗೆಗೆ ಫ್ಲೋರೈಡ್ ಕಡಿಮೆಯಿರುವ ಬೇರೆ ನೀರನ್ನು ಹುಡುಕುವುದು, ಮಳೆನೀರನ್ನು ಶುಚಿಯಾಗಿ ಹಿಡಿದಿಡುವುದು, ಆರ್.ಓ. ಘಟಕದ ನೀರು ತರುವುದು ಇವು ದಾರಿಗಳು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಅಳತೆಯಂತೆ ಬೆರೆಸಿ, ಗಸಿ ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಸೋಸಿ ಬಳಸುತ್ತಾರೆ. ಅಳತೆ ತಪ್ಪಿದರೆ ಉಪಯೋಗವಿಲ್ಲದ್ದರಿಂದ ಇದನ್ನು ತಿಳಿದವರ ಮಾರ್ಗದರ್ಶನದಲ್ಲೇ ಮಾಡಬೇಕು. ಬೋರಿನ ನೀರನ್ನು ಬಟ್ಟೆ, ಪಾತ್ರೆ ತೊಳೆಯಲು ಬಳಸಲು ಅಡ್ಡಿಯಿಲ್ಲ.

ವಿದ್ಯಾರ್ಥಿಗಳೇ, ಇಷ್ಟನ್ನು ಮಾಡಿ ನೋಡಿರಿ:

1. ಅರಿಸಿನದ ನೀರಿನಲ್ಲಿ ಕಾಗದದ ಚೂರುಗಳನ್ನು ಅದ್ದಿ ಒಣಗಿಸಿ. ಸಾಬೂನಿನ ನೀರು, ಮಜ್ಜಿಗೆ, ಹುಣಿಸೆಹಣ್ಣಿನ ರಸ, ಸುಣ್ಣದ ತಿಳಿ, ಬರೀ ನೀರು ಇವುಗಳನ್ನು ಒಂದೊಂದು ತೊಟ್ಟು ಹಾಕಿ ಬಣ್ಣ ಬರೆದುಕೊಳ್ಳಿ. ಈ ಐದರಲ್ಲಿ ಬರೀ ನೀರನ್ನು ಏಕೆ ಸೇರಿಸಿದ್ದೇವೆ?
2. ಅರಿಸಿನದ ಕಾಗದ ಮಜ್ಜಿಗೆಯನ್ನೂ ಬರೀ ನೀರನ್ನೂ ಬೇರೆ ಮಾಡಿ ತೋರಿಸುವುದೇ? ತೋರಿಸದಿದ್ದರೆ ಆ ಪ್ರಶ್ನೆಯನ್ನು ಯಾವ ಸೂಚಕಕ್ಕೆ ಕೇಳಬೇಕು?
3. ಮನೆಯಲ್ಲಿರುವ ಯಾವುದಾದರೂ ಔಷಧದ ಅಥವಾ ಕೀಟನಾಶಕದ ಚೀಟಿಯನ್ನು, ಬಾಟಲಿ ತೆರೆಯದೆ, ಹಿರಿಯರ ಎದುರಿನಲ್ಲಿ ಓದಿ ಒಂದು ಸಾಲನ್ನೂ ಬಿಡದೆ ಕನ್ನಡದಲ್ಲಿ ಬರೆಯಿರಿ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನಾವು ನಳಿಕೆಯ ಬಣ್ಣವನ್ನು ಪ್ರತ್ಯಕ್ಷವಾಗಿ ಕಂಡೆವು, ಪ್ರಮಾಣಿಸಿ ನೋಡಲಿಲ್ಲ. ನೀವು ನೋಡಿರಿ. ಗುರುಗಳು ಗೋಡೆಗೆ ಅಂಟಿಸಿದ ಹಾಳೆಯಾದರೂ ಸರಿ, ಅನುಮಾನ ಬಂದರೆ ಎದ್ದು ನಿಂತು ಕೇಳಿರಿ. ಆ ಸಣ್ಣ ಶೀಶೆ ಈಗ ನಮ್ಮ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಂದೆ ಇದೆ. ಕನ್ನಡದ ಸೂಚನಾ ಹಾಳೆಯನ್ನು ಹೊಸದಾಗಿ ಬರೆದಿದ್ದೇವೆ. ಅದು ಈಗ ಎರಡು ಹಾಳೆಯಾಗಿದೆ.